ಅಜ್ಜಿಗೆ ಚುಕ್ಕಿ ಯಾಕೆ ಕಾಣಲಿಲ್ಲ? ಯಲಹಂಕದ ಟೆರೇಸಿನಿಂದ ಮಹಾವ್ಯಾಧ ನೀಹಾರಿಕೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿ ಹಾಗೇ ಉಳಿಸಿಕೊಂಡು, ಓದಿಗೆ ಬೇಕಾದಷ್ಟು ಮಾತ್ರ ತಿದ್ದಲಾಗಿದೆ.)



ಈ ವಾರ ದುಡ್ಡಿನ ವಿಷಯ ಇಲ್ಲ. ಟ್ಯಾಕ್ಸ್, ಇಎಂಐ, ಎಸ್‌ಐಪಿ ಎಲ್ಲಕ್ಕೂ ರಜೆ. ಈ ವಾರ ಆಕಾಶದಲ್ಲಿರೋ ಒಂದು ಮಸುಕಿನ ಬಗ್ಗೆ ಮಾತಾಡ್ತೀನಿ. ಬರಿಗಣ್ಣಿಗೆ ಅದು ಒರೆಸಿ ಬಿಟ್ಟ ಚುಕ್ಕಿ ಥರ ಕಾಣುತ್ತೆ. ಆದರೆ ಅಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಾ ಇವೆ. ನನಗೆ ಅದರ ಪರಿಚಯ ಆಗಿದ್ದು ಪುಸ್ತಕದಿಂದ ಅಲ್ಲ, ನಮ್ಮಜ್ಜಿಯ ಕಣ್ಣಿನ ಆಪರೇಷನ್‌ನಿಂದ. ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ಅಜ್ಜಿಗೆ ಎಂಬತ್ತೆರಡು ವರ್ಷ. ಊರು ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗೋ ದಾರಿಯಲ್ಲಿ, ಮಾಕಳಿದುರ್ಗ ದಾಟಿ ಸ್ವಲ್ಪ ಒಳಗೆ. ಹೋದ ನವೆಂಬರ್‌ನಲ್ಲಿ ಬಲಗಣ್ಣಿಗೆ ಪೊರೆ ಆಪರೇಷನ್ ಆಯ್ತು. ದಿನಕ್ಕೆ ನಾಲ್ಕು ಸಲ ಡ್ರಾಪ್ಸ್ ಹಾಕಬೇಕು, ತಲೆಗೆ ನೀರು ಹಾಕೋ ಹಾಗಿಲ್ಲ, ಒಲೆ ಮುಂದೆ ಕೂರೋ ಹಾಗಿಲ್ಲ. ಊರಲ್ಲಿ ಬಿಟ್ಟರೆ ಇವ್ರು ಯಾವುದನ್ನೂ ಕೇಳಲ್ಲ ಅಂತ ಯಲಹಂಕದ ನಮ್ಮ ಮನೆಗೆ ಕರ್ಕೊಂಡು ಬಂದ್ವಿ.

ಡಿಸೆಂಬರ್ ಮೊದಲ ವಾರ. ರಾತ್ರಿ ಒಂಬತ್ತೂವರೆ. ಊಟ ಆಗಿತ್ತು. ಅಜ್ಜಿ ಮನೇಲಿ ಇಲ್ಲ. ನೋಡಿದ್ರೆ ಟೆರೇಸಿನಲ್ಲಿ ನೀರಿನ ಟ್ಯಾಂಕ್ ಪಕ್ಕ ನಿಂತಿದ್ದಾರೆ. ಸೆರಗನ್ನ ತಲೆ ಮೇಲೆ ಹೊದ್ದು, ಕೈಯನ್ನ ಹಣೆಗೆ ಅಡ್ಡ ಇಟ್ಕೊಂಡು ಮೇಲೆ ನೋಡ್ತಿದ್ದಾರೆ.

"ಏನಜ್ಜಿ, ಈ ಚಳೀಲಿ?" ಅಂದೆ.

"ನೋಡ್ಲಾ ಮಗ, ಆ ಡಾಕ್ಟ್ರು ಪೊರೆ ಪೂರ್ತಿ ತೆಗ್ದಿಲ್ಲ. ಒಂದ್ ಚುಕ್ಕೀನೂ ಕಾಣ್ತಿಲ್ಲ" ಅಂದ್ರು.

ನನಗೆ ಗಾಬರಿ ಆಯ್ತು. ಮಾರನೇ ದಿನವೇ ಚೆಕಪ್‌ಗೆ ಕರ್ಕೊಂಡು ಹೋದೆ. ಕನ್ನಡ ಅಕ್ಷರದ ಚಾರ್ಟ್ ಮುಂದೆ ಕೂರಿಸಿದ್ರು. ಅಜ್ಜಿ ಓದಿರೋದು ಮೂರನೇ ಕ್ಲಾಸ್. ಕೆಳಗಿನ ಸಣ್ಣ ಸಾಲಿನ ತನಕ ಸಲೀಸಾಗಿ ಓದಿದ್ರು. ಲೆನ್ಸ್ ಚೆನ್ನಾಗಿ ಕೂತಿದೆ, ಕಣ್ಣು ಚೆನ್ನಾಗಿದೆ ಅಂದ್ರು ಡಾಕ್ಟರ್. ಅಜ್ಜಿ ಬಿಡಲಿಲ್ಲ. "ಮತ್ತೆ ಚುಕ್ಕಿ ಯಾಕ್ ಕಾಣಾಕಿಲ್ಲ?" ಅಂದ್ರು. ಡಾಕ್ಟರ್ ಒಂದು ನಿಮಿಷ ಸುಮ್ಮನಾಗಿ, "ಅಮ್ಮಾ, ನನಗೂ ಕಾಣಲ್ಲ" ಅಂದ್ರು.

ವಾಪಸ್ ಬರುವಾಗ ಹೆಬ್ಬಾಳ ಫ್ಲೈಓವರ್ ಮೇಲೆ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡ್ವಿ. ಸಂಜೆ ಆರೂವರೆ, ಏರ್‌ಪೋರ್ಟ್ ರೋಡ್ ಪೂರ್ತಿ ದೀಪ. ಅಜ್ಜಿ ಕಿಟಕಿಯಿಂದ ಅದನ್ನೇ ನೋಡ್ತಾ ಇದ್ರು. ನಾನು ಹುಟ್ಟಿ ಬೆಳೆದಿದ್ದು ಇದೇ ಕಡೆ. ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲವೂ, ಚುಕ್ಕಿ ಯಾಕೆ ಕಾಣ್ತಿಲ್ಲ ಅಂತ ನಾನು ಕೇಳಿರಲಿಲ್ಲ.

ಅಜ್ಜಿ ಹುಡುಕ್ತಾ ಇದ್ದಿದ್ದು ಏನನ್ನ?

ಅವತ್ತು ರಾತ್ರಿ ಕೇಳಿದೆ, "ಅಜ್ಜಿ, ಆಕಾಶದಲ್ಲಿ ಏನ್ ಹುಡುಕ್ತಿದ್ರಿ?" ಅಂತ.

"ಮೂರ್ ಚುಕ್ಕಿ ಸಾಲಾಗ್ ಬರ್ತಾವಲ್ಲ, ಅವು."

ನಮ್ಮ ತಾತ ಇದ್ದಾಗ ನಮ್ಮದು ರಾಗಿ ಹೊಲ. ಕೊಯ್ಲು ಮುಗಿಸಿ, ಮೆದೆ ಹಾಕಿ, ಕಣ ಸಗಣಿಯಲ್ಲಿ ಸಾರಿಸಿ, ಒಕ್ಕಣೆ ಮುಗಿಯೋ ತನಕ ಯಾರಾದ್ರೂ ಒಬ್ಬರು ಕಣದಲ್ಲೇ ಮಲಗಬೇಕು. ಅಜ್ಜಿ-ತಾತ ಇಬ್ಬರೂ ಕಂಬಳಿ ಹೊದ್ದು ಮಲಗ್ತಿದ್ರಂತೆ. ಗಡಿಯಾರ ಇಲ್ಲ. ಆ ಮೂರು ಚುಕ್ಕಿ ನೆತ್ತಿ ಹತ್ತಿರ ಬಂದ್ರೆ ನಡುರಾತ್ರಿ. ಪಡುವಲ ಕಡೆ ಇಳಿದು ಮುಳುಗೋಕೆ ಬಂದ್ರೆ ಬೆಳಗಿನ ಜಾವ, ಎದ್ದು ಎತ್ತು ಕಟ್ಟೋ ಹೊತ್ತು.

ನಾನು ಆಮೇಲೆ ಮೊಬೈಲ್ ಆಪ್‌ನಲ್ಲಿ ಹಾಕಿ ನೋಡಿದೆ. ಡಿಸೆಂಬರ್ ಮಧ್ಯದಲ್ಲಿ ಆ ಮೂರು ನಕ್ಷತ್ರ ನಮ್ಮ ನೆತ್ತಿಯ ಹತ್ತಿರ ಬರೋದು ರಾತ್ರಿ ಹನ್ನೆರಡರ ಸುಮಾರಿಗೆ. ಮುಳುಗೋದು ಬೆಳಗ್ಗೆ ಆರರ ಆಸುಪಾಸು. ಅಜ್ಜಿಯ ಗಡಿಯಾರ ಸರಿಯಾಗೇ ಇತ್ತು.

ಈ ಮೂರು ನಕ್ಷತ್ರ ಇರೋ ಪುಂಜಕ್ಕೆ ಇಂಗ್ಲಿಷಿನಲ್ಲಿ ಒರಾಯನ್, ನಮ್ಮ ಖಗೋಳ ಪುಸ್ತಕಗಳಲ್ಲಿ ಮಹಾವ್ಯಾಧ ಅಂತಾರೆ. ವ್ಯಾಧ ಅಂದ್ರೆ ಬೇಟೆಗಾರ. ಮೂರು ನಕ್ಷತ್ರ ಅವನ ಸೊಂಟದ ಪಟ್ಟಿ. ಹೆಸರು ಹೊಸದು ಅನ್ನಿಸಬಹುದು, ಆದರೆ ಈ ಪುಂಜ ನಮ್ಮ ಬಾಯಲ್ಲಿ ದಿನಾ ಇರೋದೇ. ಬೇಟೆಗಾರನ ಭುಜದಲ್ಲಿ ಕೆಂಪಗೆ ಹೊಳೆಯೋ ನಕ್ಷತ್ರವೇ ಆರಿದ್ರಾ. ತಲೆಯ ಜಾಗದ ಸಣ್ಣ ನಕ್ಷತ್ರ ಮೃಗಶಿರಾ. ಜೂನ್‌ನಲ್ಲಿ ಮೃಗಶಿರಾ ಮಳೆ, ಅದರ ಹಿಂದೆ ಆರಿದ್ರಾ ಮಳೆ. "ಆದ್ರೆ ಆರಿದ್ರೆ, ಇಲ್ದಿದ್ರೆ ದರಿದ್ರೆ" ಅನ್ನೋ ಗಾದೆ ನಮ್ಮ ಕಡೆ ಎಲ್ಲರಿಗೂ ಗೊತ್ತು.

ಇದರಲ್ಲಿ ಒಂದು ತಮಾಷೆ ಇದೆ. ಆ ಮಳೆ ಬರೋ ಹೊತ್ತಲ್ಲಿ ಆ ನಕ್ಷತ್ರ ಕಾಣೋದೇ ಇಲ್ಲ. ಸೂರ್ಯ ಆಗ ಆ ಭಾಗದಲ್ಲೇ ಇರ್ತಾನೆ, ಅದಕ್ಕೇ ಮಳೆಗೆ ಆ ಹೆಸರು. ನಕ್ಷತ್ರ ಹಗಲಲ್ಲಿ ಹುಟ್ಟಿ ಹಗಲಲ್ಲೇ ಮುಳುಗಿಹೋಗುತ್ತೆ. ಅದು ರಾತ್ರಿ ಪೂರ್ತಿ ಕಾಣೋದು ಆರು ತಿಂಗಳ ಆಚೆ, ರಾಗಿ ಕಣದ ಕಾಲಕ್ಕೆ. ಬಿತ್ತೋಕೆ ಹೆಸರು ಕೊಟ್ಟ ನಕ್ಷತ್ರವೇ ಕೊಯ್ದ ಮೇಲೆ ಕಾವಲಿಗೆ ಬರುತ್ತೆ.

ಸೊಂಟದಿಂದ ಕೆಳಗೆ, ಕತ್ತಿಯ ನಡುವೆ

ನಾನು ಬಿ.ಕಾಂ. ಹಗಲು ಯಶವಂತಪುರದ ಎಪಿಎಂಸಿ ಯಾರ್ಡ್‌ನಲ್ಲಿ ಮಂಡಿಯೊಂದರ ಲೆಕ್ಕ ಬರೀತೀನಿ, ರಾತ್ರಿ ಪಾಡ್‌ಕಾಸ್ಟ್ ಮಾಡ್ತೀನಿ. ವಿಜ್ಞಾನಕ್ಕೂ ನನಗೂ ಎಸ್ಸೆಸ್ಸೆಲ್ಸಿಗೇ ಸಂಬಂಧ ಮುಗಿದಿತ್ತು. ಆದರೆ ಅಜ್ಜಿಗೆ ಆ ಮೂರು ಚುಕ್ಕಿ ತೋರಿಸಲೇಬೇಕು ಅಂತ ಹಟ ಬಂತು. ಆರ್.ಟಿ. ನಗರದಲ್ಲಿ ನನ್ನ ಸ್ನೇಹಿತ ಒಬ್ಬ ಇದ್ದಾನೆ, ಭಾನುವಾರ ಹೆಬ್ಬಾಳ ಕೆರೆಗೆ ಹಕ್ಕಿ ನೋಡೋಕೆ ಹೋಗ್ತಾನೆ. ಅವನ ಬೈನಾಕ್ಯುಲರ್ ಸಾಲ ತಂದೆ. ಅದರ ಮೇಲೆ 10x50 ಅಂತ ಬರೆದಿದೆ. ಹತ್ತು ಪಟ್ಟು ದೊಡ್ಡದು ಮಾಡುತ್ತೆ, ಮುಂದಿನ ಗಾಜು 50 ಮಿಲಿಮೀಟರ್ ಅಗಲ ಅಂತ ಅರ್ಥ. ಆಕಾಶ ನೋಡೋಕೆ ಇದು ಧಾರಾಳ ಸಾಕು, ಟೆಲಿಸ್ಕೋಪ್ ಬೇಕಾಗಿಲ್ಲ.

ಈಗ ನಿಮಗೆ ದಾರಿ ಹೇಳ್ತೀನಿ. ಜನವರಿ ಕೊನೆಯಲ್ಲಾದ್ರೆ ರಾತ್ರಿ ಒಂಬತ್ತು, ಒಂಬತ್ತೂವರೆಗೆ ಟೆರೇಸ್ ಹತ್ತಿ. ಫೆಬ್ರವರಿ ಕೊನೆಯಲ್ಲಾದ್ರೆ ಏಳೂಕಾಲಿಗೇ ಸಾಕು. ದಕ್ಷಿಣಕ್ಕೆ ಮುಖ ಮಾಡಿ, ತಲೆ ಚೆನ್ನಾಗಿ ಎತ್ತಿ. ಬೆಂಗಳೂರಿನಿಂದ ಇದು ಸುಮಾರು 71 ಡಿಗ್ರಿ ಎತ್ತರಕ್ಕೆ ಬರುತ್ತೆ, ಅಂದ್ರೆ ನೆತ್ತಿಗಿಂತ ಸ್ವಲ್ಪವೇ ಕೆಳಗೆ. ಲಂಡನ್ನಿನಲ್ಲಿ ಕೂತವರಿಗೆ ಇದು ದಿಗಂತದ ಕಡೆಗೇ ಇರುತ್ತೆ. ಈ ಒಂದು ವಿಷಯದಲ್ಲಿ ನಮಗೆ ಅವರಿಗಿಂತ ಒಳ್ಳೆ ಸೀಟು ಸಿಕ್ಕಿದೆ.

ಸಾಲಾಗಿ ಮೂರು ನಕ್ಷತ್ರ ಕಾಣುತ್ತೆ. ಇದು ಬೆಂಗಳೂರಿನ ಬೆಳಕಲ್ಲೂ ಕಾಣುತ್ತೆ, ಅಡ್ಡ ಯಾವುದೂ ಇಲ್ಲದಿದ್ರೆ. ಅದರ ಕೆಳಗೆ, ದಕ್ಷಿಣದ ಕಡೆಗೆ, ಮಂಕಾಗಿ ಇನ್ನೊಂದು ಸಣ್ಣ ಸಾಲು ಇದೆ. ಅದು ಬೇಟೆಗಾರನ ಸೊಂಟದಿಂದ ನೇತಾಡೋ ಕತ್ತಿ. ಆ ಕತ್ತಿಯ ನಡುವಿನ ಚುಕ್ಕಿ ನೋಡಿ. ಅದು ಚುಕ್ಕಿ ಥರ ಚೂಪಾಗಿ ಇರಲ್ಲ, ಉಸಿರು ಬಿಟ್ಟ ಗಾಜಿನ ಥರ ಮಸುಕಾಗಿರುತ್ತೆ. ಅದೇ ಮಹಾವ್ಯಾಧ ನೀಹಾರಿಕೆ. ಖಗೋಳದವರು ಚಿಕ್ಕದಾಗಿ ಎಂ42 ಅಂತಾರೆ. ಚಾರ್ಲ್ಸ್ ಮೆಸಿಯೆ ಅನ್ನೋ ಫ್ರೆಂಚ್ ಖಗೋಳಜ್ಞ 1769ರಲ್ಲಿ ತನ್ನ ಪಟ್ಟಿಗೆ ಇದನ್ನ 42ನೇ ನಂಬರಾಗಿ ಸೇರಿಸಿದ.

ನನಗೆ ಮೊದಲ ಮೂರು ರಾತ್ರಿ ಏನೂ ಕಾಣಲಿಲ್ಲ. ಆಮೇಲೆ ಓದಿದೆ, ಗೆಲಿಲಿಯೋ 1610ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದೇ ಸೊಂಟ ಮತ್ತು ಕತ್ತಿಯ ಚಿತ್ರ ಬರೆದಿದ್ದಾನೆ, ಬರಿಗಣ್ಣಿಗೆ ಕಾಣದ ಎಷ್ಟೋ ನಕ್ಷತ್ರಗಳನ್ನ ಗುರುತು ಮಾಡಿದ್ದಾನೆ, ಆದರೆ ಈ ಮಸುಕು ಮಾತ್ರ ಅದರಲ್ಲಿ ಇಲ್ಲ. ಅದೇ ವರ್ಷ ಪೇರೆಸ್ಕ್ ಅನ್ನೋ ಫ್ರಾನ್ಸಿನ ವಿದ್ವಾಂಸ ದೂರದರ್ಶಕದಲ್ಲಿ ಇದನ್ನ ಕಂಡ. ಗೆಲಿಲಿಯೋನೇ ಬಿಟ್ಟಿದ್ದು ನನಗೆ ಕಾಣದೇ ಇದ್ರೆ ಅವಮಾನ ಏನಿಲ್ಲ ಅಂತ ಸಮಾಧಾನ ಮಾಡ್ಕೊಂಡೆ.

ನಾನು ಮಾಡ್ತಿದ್ದ ತಪ್ಪು ಎರಡು. ಒಂದು, ಎರಡು ನಿಮಿಷಕ್ಕೊಂದು ಸಲ ಫೋನ್ ನೋಡೋದು. ಕತ್ತಲೆಗೆ ಕಣ್ಣು ಹೊಂದಿಕೊಳ್ಳೋಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಫೋನಿನ ಬೆಳಕು ಒಂದು ಸಲ ಕಣ್ಣಿಗೆ ಬಿದ್ರೆ ಮತ್ತೆ ಮೊದಲಿಂದ ಶುರು. ಇನ್ನೊಂದು, ನಾನು ಅದನ್ನ ನೇರವಾಗಿ ದಿಟ್ಟಿಸ್ತಿದ್ದೆ. ಮಂದ ಬೆಳಕನ್ನ ಹಿಡಿಯೋ ಕೋಶಗಳು ನಮ್ಮ ಕಣ್ಣಿನ ಪರದೆಯ ನಟ್ಟನಡುವೆ ಇರಲ್ಲ, ಸುತ್ತ ಇರುತ್ತವೆ. ಹಾಗಾಗಿ ಮಸುಕಾದ ವಸ್ತುವನ್ನ ನೋಡಬೇಕಾದ್ರೆ ಅದರ ಪಕ್ಕಕ್ಕೆ ನೋಡಬೇಕು. ಓರೆಗಣ್ಣಲ್ಲಿ ಅದು ತಾನಾಗೇ ಮೂಡುತ್ತೆ. ನಾಲ್ಕನೇ ರಾತ್ರಿ ನನಗೆ ಹಾಗೇ ಕಂಡಿದ್ದು. ಬಣ್ಣ ಇಲ್ಲ, ಬೂದಿ ಥರದ ಒಂದು ರೆಕ್ಕೆ, ಅದರ ಮಧ್ಯೆ ಚಿಕ್ಕ ಬೆಳಕು.

ಫೋಟೋದಲ್ಲಿ ಕಾಣೋ ಕೆಂಪು, ನೇರಳೆ ನಿಮಗೆ ಕಣ್ಣಲ್ಲಿ ಕಾಣಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಇಷ್ಟು ಮಂದ ಬೆಳಕಲ್ಲಿ ನಮ್ಮ ಕಣ್ಣಿಗೆ ಬಣ್ಣ ಗೊತ್ತಾಗೋದೇ ಇಲ್ಲ. ಕ್ಯಾಮೆರಾ ನಿಧಾನಕ್ಕೆ ಬೆಳಕನ್ನ ಕೂಡಿಸಿಟ್ಟುಕೊಳ್ಳುತ್ತೆ, ಒಂಥರಾ ಆರ್.ಡಿ. ಕಟ್ಟಿದ ಹಾಗೆ. ಇದರ ಮೊದಲ ಫೋಟೋ ತೆಗೆದಿದ್ದು ಅಮೆರಿಕದ ಹೆನ್ರಿ ಡ್ರೇಪರ್, 1880ರ ಸೆಪ್ಟೆಂಬರ್ 30ರಂದು. ಒಂದೇ ಫೋಟೋಗೆ ಸುಮಾರು 50 ನಿಮಿಷ ಹಿಡಿದಿತ್ತು.

ಹಲಸಿನ ಹಣ್ಣಿಗೆ ಒಂದು ಕಡೆ ಕೊಯ್ದ ಹಾಗೆ

ಸರಿ, ಅಲ್ಲಿ ಇರೋದೇನು? ಹೆಚ್ಚಿನ ಪಾಲು ಹೈಡ್ರೋಜನ್ ಅನಿಲ, ಜೊತೆಗೆ ಹೀಲಿಯಂ, ಒಂದಷ್ಟು ಧೂಳು. ನಾವು ನೋಡೋ ಹೊಳೆಯೋ ಭಾಗ ಸುಮಾರು 24 ಬೆಳಕಿನ ವರ್ಷ ಅಗಲ ಇದೆ. ಅದರ ಹಿಂದೆ ನೂರಾರು ಬೆಳಕಿನ ವರ್ಷ ಹರಡಿರೋ ಕಪ್ಪು ಮೋಡ ಇದೆ, ಅದು ಕಣ್ಣಿಗೆ ಕಾಣಲ್ಲ. ಒಂದು ದೊಡ್ಡ ಹಲಸಿನ ಹಣ್ಣು ಅಂದುಕೊಳ್ಳಿ. ಒಂದು ಕಡೆ ಮಾತ್ರ ಕೊಯ್ದು ತೆಗೆದಿದ್ದಾರೆ, ಒಳಗಿನ ತೊಳೆ ಹೊಳೀತಿದೆ. ನಮಗೆ ಕಾಣೋದು ಆ ಕೊಯ್ದ ಜಾಗ.

ಆ ಕಪ್ಪು ಮೋಡ ವಿಪರೀತ ತಣ್ಣಗಿರುತ್ತೆ, ಸೊನ್ನೆಗಿಂತ ಇನ್ನೂರೈವತ್ತು ಡಿಗ್ರಿಗೂ ಕೆಳಗೆ. ತಣ್ಣಗಿರೋದೇ ಅನುಕೂಲ. ಬಿಸಿ ಇದ್ರೆ ಅನಿಲ ಹಿಗ್ಗಿ ಚೆದುರಿಹೋಗುತ್ತೆ. ತಣ್ಣಗಿದ್ರೆ ಅದರದೇ ಭಾರಕ್ಕೆ ಅಲ್ಲಲ್ಲಿ ಗಂಟು ಕಟ್ಟುತ್ತೆ. ಗಂಟು ಕುಸೀತಾ ಕುಸೀತಾ ನಡುಭಾಗ ಬಿಸಿಯಾಗುತ್ತೆ. ಆ ಬಿಸಿ ಸುಮಾರು ಒಂದು ಕೋಟಿ ಡಿಗ್ರಿ ಮುಟ್ಟಿದಾಗ ಹೈಡ್ರೋಜನ್ ಬೆಸೆದು ಹೀಲಿಯಂ ಆಗೋಕೆ ಶುರುವಾಗುತ್ತೆ. ಅಲ್ಲಿಗೆ ಒಂದು ನಕ್ಷತ್ರ ಹುಟ್ಟಿತು ಅಂತ.

ಬೈನಾಕ್ಯುಲರ್‌ನಲ್ಲಿ ನಡುವೆ ಕಾಣೋ ಬೆಳಕನ್ನ ಸಣ್ಣ ಟೆಲಿಸ್ಕೋಪಿನಲ್ಲಿ ನೋಡಿದ್ರೆ ನಾಲ್ಕು ನಕ್ಷತ್ರವಾಗಿ ಒಡೆಯುತ್ತೆ. ಇದಕ್ಕೆ ಟ್ರೆಪೀಸಿಯಂ ಅಂತ ಹೆಸರು. ನಾಲ್ಕರಲ್ಲಿ ದೊಡ್ಡಣ್ಣ ಒಬ್ಬ ಇದ್ದಾನೆ, ತೂಕ ನಮ್ಮ ಸೂರ್ಯನ ಮೂವತ್ತು ಪಟ್ಟಿಗೂ ಹೆಚ್ಚು. ಅವನು ಸುರಿಯೋ ನೇರಳಾತೀತ ಬೆಳಕಿನಿಂದಲೇ ಸುತ್ತಲಿನ ಅನಿಲ ಎಲ್ಲ ಹೊಳೆಯೋದು, ಹೆಚ್ಚುಕಮ್ಮಿ ಟ್ಯೂಬ್‌ಲೈಟಿನ ಒಳಗಿನ ಅನಿಲದ ಥರ. ಒಬ್ಬನ ಬೆಳಕಲ್ಲಿ ಇಡೀ ಮನೆ ನಡೀತಿದೆ.

ವಯಸ್ಸು ಎಷ್ಟು ಅಂತೀರಾ? ನಮ್ಮ ಸೂರ್ಯನಿಗೆ ಸುಮಾರು 460 ಕೋಟಿ ವರ್ಷ. ಟ್ರೆಪೀಸಿಯಂ ನಕ್ಷತ್ರಗಳಿಗೆ ಹತ್ತು ಲಕ್ಷ ವರ್ಷದ ಆಸುಪಾಸು. ಸೂರ್ಯನನ್ನ 46 ವರ್ಷದ ಗೃಹಸ್ಥ ಅಂದುಕೊಂಡ್ರೆ, ಇವು ಹುಟ್ಟಿ ನಾಲ್ಕು ದಿನದ ಕೂಸುಗಳು. ಇನ್ನೂ ಹೆಸರಿಡೋ ಶಾಸ್ತ್ರವೂ ಆಗಿಲ್ಲ. ಇವುಗಳ ಸುತ್ತ ಸಾವಿರಾರು ಎಳೆಯ ನಕ್ಷತ್ರಗಳಿವೆ. 1990ರ ದಶಕದಲ್ಲಿ ಹಬಲ್ ದೂರದರ್ಶಕ ಅವುಗಳಲ್ಲಿ ಎಷ್ಟರದೋ ಸುತ್ತ ದೋಸೆ ಥರದ ತಟ್ಟೆ ಇರೋದನ್ನ ತೋರಿಸಿತು. ಅನಿಲ, ಧೂಳಿನ ತಟ್ಟೆಗಳು. ಭೂಮಿ, ಗುರು, ಶನಿ ಎಲ್ಲ ಒಂದು ಕಾಲಕ್ಕೆ ಇಂಥದೇ ತಟ್ಟೆಯಿಂದ ಆಗಿದ್ದು.

ಲೆಕ್ಕದವನಾಗಿ ನನಗೆ ಹಿಡಿಸಿದ್ದು ಇನ್ನೊಂದು. ಇಷ್ಟು ದೊಡ್ಡ ಸ್ಟಾಕ್ ಇಟ್ಟುಕೊಂಡು ಆ ಮೋಡ ನಕ್ಷತ್ರ ಮಾಡೋದು ಸ್ವಲ್ಪ ಪಾಲು ಅನಿಲದಿಂದ ಮಾತ್ರ. ಆ ದೊಡ್ಡಣ್ಣನ ಬೆಳಕು, ಗಾಳಿ ಎರಡೂ ಸೇರಿ ಉಳಿದ ಅನಿಲವನ್ನ ಆಚೆ ತಳ್ಳುತ್ತಾ ಇವೆ. ಲಕ್ಷ ವರ್ಷಗಳ ಲೆಕ್ಕದಲ್ಲಿ ಈ ಹೊಳಪು ಚೆದುರಿಹೋಗಿ ಬರೀ ನಕ್ಷತ್ರಗಳ ಗುಂಪು ಉಳಿಯುತ್ತೆ. ಆಕಾಶದ ಲೆಕ್ಕದಲ್ಲಿ ಲಕ್ಷ ವರ್ಷ ಅಂದ್ರೆ ಒಂದು ಕಣದ ಸೀಸನ್ ಇದ್ದ ಹಾಗೆ. ಅದು ನಡೀತಿರೋ ಹೊತ್ತಿಗೆ ಸರಿಯಾಗಿ ನಾವು ಬಂದಿದ್ದೀವಿ.

ಹೆಬ್ಬಾಳದ ಕಲ್ಲಿಗಿಂತ ಹಳೇ ಬೆಳಕು

ದೂರ ಸುಮಾರು 1,340 ಬೆಳಕಿನ ವರ್ಷ. ಒಂದು ಬೆಳಕಿನ ವರ್ಷ ಅಂದ್ರೆ 9.46 ಲಕ್ಷ ಕೋಟಿ ಕಿಲೋಮೀಟರ್. ಲಕ್ಷ ಕೋಟಿ ಅಂದ ತಕ್ಷಣ ನನಗೆ ನೆನಪಾಗೋದು ಬಜೆಟ್. ಕರ್ನಾಟಕದ 2025-26ರ ಬಜೆಟ್ 4.09 ಲಕ್ಷ ಕೋಟಿ ರೂಪಾಯಿ. ಕಿಲೋಮೀಟರಿಗೆ ಒಂದೇ ರೂಪಾಯಿ ಅಂತ ಆಟೋ ಸಿಕ್ಕಿದ್ರೂ, ಇಡೀ ರಾಜ್ಯದ ಒಂದು ವರ್ಷದ ಬಜೆಟ್ ಖರ್ಚು ಮಾಡಿ ಅರ್ಧ ಬೆಳಕಿನ ವರ್ಷವೂ ಹೋಗೋಕಾಗಲ್ಲ.

ಆ ದೂರಕ್ಕೆ ಇನ್ನೊಂದು ಅರ್ಥ ಇದೆ. ಇವತ್ತು ರಾತ್ರಿ ನಿಮ್ಮ ಕಣ್ಣಿಗೆ ಬೀಳೋ ಬೆಳಕು ಅಲ್ಲಿಂದ ಹೊರಟಿದ್ದು ಸುಮಾರು 1,340 ವರ್ಷದ ಹಿಂದೆ, ಬಾದಾಮಿ ಚಾಲುಕ್ಯರು ಆಳ್ತಿದ್ದ ಕಾಲಕ್ಕೆ. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕೆಲಸದ ಹೊತ್ತಲ್ಲಿ ಒಂದು ಶಾಸನದ ಕಲ್ಲು ಬೆಳಕಿಗೆ ಬಂತು, ನೆನಪಿದೆಯಾ? ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಕಾದಾಡಿ ಸತ್ತ ಕಿತ್ತಯ್ಯ ಅನ್ನೋ ವೀರನಿಗೆ ನಿಲ್ಲಿಸಿದ ಕಲ್ಲು. ಬೆಂಗಳೂರಲ್ಲಿ ಈವರೆಗೆ ಸಿಕ್ಕಿರೋ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯದು ಅಂತ ಅದನ್ನ ಗುರುತಿಸಿದ್ದಾರೆ. ಆ ಕಲ್ಲಿನ ಮೇಲೆ ಉಳಿ ಇಡೋ ಹೊತ್ತಿಗೆ, ನಾವು ಈಗ ನೋಡ್ತಿರೋ ಬೆಳಕು ಹೊರಟು ಅರವತ್ತು ಎಪ್ಪತ್ತು ವರ್ಷ ಆಗಿಹೋಗಿತ್ತು. ಕಿತ್ತಯ್ಯನ ತಾಯಿ-ತಂದೆ ಕೂಡ ಇದೇ ಮೂರು ಚುಕ್ಕಿ ನೋಡಿಯೇ ಹೊತ್ತು ಗೊತ್ತು ಮಾಡ್ಕೊಂಡಿರಬೇಕು.

ಅಷ್ಟು ದೂರದಿಂದ, ದಾರೀಲಿ ಎಲ್ಲೂ ಕಳೆದುಹೋಗದೆ ಬಂದ ಬೆಳಕು, ಯಲಹಂಕಕ್ಕೆ ಬಂದು ಕೊನೆಯ ಕೆಲವು ಕಿಲೋಮೀಟರಲ್ಲಿ ನಮ್ಮ ಬೀದಿದೀಪದ ಹೊಗರಿನಲ್ಲಿ ಮುಳುಗಿಹೋಗ್ತಿದೆ.

ಮೇಖ್ರಿ ಸರ್ಕಲ್ ಹತ್ತಿರದ ದೊಡ್ಡ ಡಿಶ್

ನಮ್ಮ ಕಡೆಯದೇ ಇನ್ನೊಂದು ಸಂಗತಿ ಇದೆ, ನನಗೆ ಇದು ಗೊತ್ತಾದಾಗ ನಿಜವಾಗ್ಲೂ ಖುಷಿ ಆಯ್ತು. ಮೇಖ್ರಿ ಸರ್ಕಲ್ ಹತ್ತಿರ ಸದಾಶಿವನಗರದಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಇದೆ. ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ್ದು. ಆ ಮರಗಳ ಕಾಂಪೌಂಡಿನೊಳಗೆ 10.4 ಮೀಟರ್ ವ್ಯಾಸದ ಒಂದು ರೇಡಿಯೋ ದೂರದರ್ಶಕ ಕೆಲಸ ಮಾಡ್ತಿತ್ತು. ರಾಮನ್ ಅವರ ಮಗ ವಿ. ರಾಧಾಕೃಷ್ಣನ್ ಆಗ ಸಂಸ್ಥೆಯ ನಿರ್ದೇಶಕರು, ಸ್ವತಃ ದೊಡ್ಡ ರೇಡಿಯೋ ಖಗೋಳಜ್ಞರು.

ಕಪ್ಪು ಮೋಡದೊಳಗೆ ಬೆಳಕು ತೂರಲ್ಲ, ಧೂಳು ತಡೆಯುತ್ತೆ. ಆದರೆ ಅದರೊಳಗಿನ ಕಾರ್ಬನ್ ಮೊನಾಕ್ಸೈಡ್ ಅಣುಗಳು 2.6 ಮಿಲಿಮೀಟರ್ ಉದ್ದದ ರೇಡಿಯೋ ಅಲೆಗಳನ್ನ ಕಳಿಸುತ್ತವೆ. ಅವು ಧೂಳನ್ನ ದಾಟಿ ಆರಾಮಾಗಿ ಬರುತ್ತವೆ. ಗಾಳಿಯಲ್ಲಿ ನೀರಿನ ಆವಿ ಹೆಚ್ಚಿದ್ರೆ ಮಾತ್ರ ತೊಂದರೆ, ಅದಕ್ಕೆ ನಮ್ಮ ಒಣ ಚಳಿಗಾಲವೇ ಒಳ್ಳೆಯದು. ಆ ಡಿಶ್ ಹಿಡಿದಿದ್ದು ಇಂಥ ಅಲೆಗಳನ್ನ. ಮಹಾವ್ಯಾಧನಿಂದ ಇನ್ನೂ ದಕ್ಷಿಣಕ್ಕೆ ಗಮ್ ನೀಹಾರಿಕೆ ಅಂತ ಒಂದು ಭಾರಿ ನೀಹಾರಿಕೆ ಇದೆ. ಅದರಲ್ಲಿ ಧೂಮಕೇತುವಿನ ಥರ ತಲೆ, ಬಾಲ ಇರೋ ಮೋಡದ ಗಂಟುಗಳಿವೆ. ಟಿ.ಕೆ. ಶ್ರೀಧರನ್ ಅನ್ನೋ ಸಂಶೋಧಕರು ಈ ಡಿಶ್‌ನಿಂದ ಆ ಗಂಟುಗಳ ಚಲನೆ ಅಳೆದು, ಅವೆಲ್ಲ ಒಂದು ನಡುಭಾಗದಿಂದ ಆಚೆಗೆ ಸರೀತಿವೆ ಅಂತ 1992ರಲ್ಲಿ ಪ್ರಕಟಿಸಿದ್ರು. ಕೆಳಗೆ ರಸ್ತೆಯಲ್ಲಿ ಬಸ್ಸು, ಆಟೋ ಹಾರ್ನ್ ಹೊಡ್ಕೊಂಡು ಹೋಗ್ತಿದ್ದಾಗ, ಕಾಂಪೌಂಡಿನ ಒಳಗೆ ನಕ್ಷತ್ರ ಹುಟ್ಟೋ ಮೋಡಗಳ ಲೆಕ್ಕ ನಡೀತಿತ್ತು. ಆರ್.ಟಿ. ನಗರಕ್ಕೆ ಹೋಗುವಾಗ ಎಷ್ಟು ಸಾವಿರ ಸಲ ನಾನು ಆ ದಾರೀಲಿ ಓಡಾಡಿದ್ದೀನೋ.

ರೇಡಿಯೋ ಅಲೆಗೆ ಬೀದಿದೀಪ ಅಡ್ಡಿ ಇಲ್ಲ. ಕಣ್ಣಿಗೆ ಅಡ್ಡಿ. ಭಾರತೀಯ ಖಭೌತ ಸಂಸ್ಥೆಯ ಕಚೇರಿ ಇಲ್ಲೇ ಕೋರಮಂಗಲದಲ್ಲಿದೆ, ಆದರೆ ಅವರ ಎರಡು ಮೀಟರ್ ದೂರದರ್ಶಕ ಇರೋದು ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ. ಅದನ್ನ ಉಪಗ್ರಹದ ಮೂಲಕ ನಡೆಸೋದು ನಮ್ಮ ಹೊಸಕೋಟೆಯಿಂದ. ಹಾನ್ಲೆ ಸುತ್ತ 2022ರಲ್ಲಿ ಕತ್ತಲೆ ಆಕಾಶದ ಮೀಸಲು ಪ್ರದೇಶ ಮಾಡಿದ್ರು. ಅಲ್ಲಿನ ಹಳ್ಳಿಯವರು ದೀಪಕ್ಕೆ ಮರೆ ಹಾಕ್ತಾರೆ, ಕಿಟಕಿಗೆ ದಪ್ಪ ಪರದೆ ಬಿಡ್ತಾರೆ. ಕತ್ತಲೆಯನ್ನೂ ಕಾಪಾಡಬೇಕಾದ ವಸ್ತು ಅಂತ ಲೆಕ್ಕಕ್ಕೆ ತಗೊಂಡಿದ್ದಾರೆ.

ಒಂದು ಫ್ಲಡ್‌ಲೈಟಿನ ಜಗಳ

ಈಗ ನಮ್ಮ ಟೆರೇಸಿಗೆ ವಾಪಸ್ ಬರೋಣ. ಅಜ್ಜಿಗೆ ಅವತ್ತು ಚುಕ್ಕಿ ಕಾಣದೇ ಇರೋದಕ್ಕೆ ಇಡೀ ಬೆಂಗಳೂರು ಕಾರಣ ನಿಜ, ಆದರೆ ಮುಖ್ಯ ಕಾರಣ ಒಂದೇ ದೀಪ. ನಮ್ಮ ಮನೆಗೆ ಪೂರ್ವಕ್ಕೆ ಒಂದು ಅಪಾರ್ಟ್‌ಮೆಂಟ್ ಇದೆ. ಅದರ ಪಾರ್ಕಿಂಗಿಗೆ ಅಂತ ಮೂರನೇ ಮಹಡಿ ಎತ್ತರದಲ್ಲಿ ಬಿಳಿ ಎಲ್‌ಇಡಿ ಫ್ಲಡ್‌ಲೈಟ್ ಹಾಕಿದ್ದಾರೆ. ಅದರ ಅರ್ಧ ಬೆಳಕು ಪಾರ್ಕಿಂಗಿಗೆ, ಉಳಿದರ್ಧ ನಮ್ಮ ಮುಖಕ್ಕೆ. ಡಿಸೆಂಬರಿನಲ್ಲಿ ಮೂರು ಚುಕ್ಕಿ ಏಳೋದು ಸರಿಯಾಗಿ ಅದೇ ದಿಕ್ಕಲ್ಲಿ.

ಸೆಕ್ರೆಟರಿ ಅಂಕಲ್ ಹತ್ರ ಹೋದೆ. "ನಕ್ಷತ್ರ ನೋಡೋಕಾ?" ಅಂತ ನಕ್ಕರು. ಸೆಕ್ಯುರಿಟಿಗೆ ಬೇಕು, ತೆಗೆಯೋಕಾಗಲ್ಲ ಅಂದ್ರು. ಅವರ ಮಾತಲ್ಲೂ ನ್ಯಾಯ ಇದೆ, ಹೋದ ವರ್ಷ ಅಲ್ಲಿ ಎರಡು ಬೈಕ್ ಕಳುವಾಗಿದ್ವು. ನಾನೂ ಸ್ವಲ್ಪ ಜೋರಾಗಿ ಮಾತಾಡಿಬಿಟ್ಟೆ, ಅದು ತಪ್ಪು. ಎರಡು ವಾರ ಎದುರಿಗೆ ಸಿಕ್ಕಿದ್ರೂ ಅವರು ಮಾತಾಡಿಸಲಿಲ್ಲ.

ಕೆಲಸ ಆಗಿದ್ದು ವಾಚ್‌ಮನ್ ಅಣ್ಣನಿಂದ. ಒಂದು ರಾತ್ರಿ ಟೀ ಕುಡೀತಾ ಅವರೇ ಹೇಳಿದ್ರು, "ಸರ್, ಆ ಲೈಟ್ ನನಗೂ ಕಣ್ಣಿಗೆ ಹೊಡೆಯುತ್ತೆ. ಗೇಟ್ ಆಚೆ ಯಾರು ನಿಂತಿದ್ದಾರೆ ಅಂತಾನೇ ಗೊತ್ತಾಗಲ್ಲ." ಅದನ್ನೇ ಅವರು ಸೆಕ್ರೆಟರಿಗೆ ಹೇಳಿದ್ರು. ಒಂದು ಭಾನುವಾರ ಎಲೆಕ್ಟ್ರಿಷಿಯನ್ ಬಂದು ಸ್ಪ್ಯಾನರ್ ಹಾಕಿ ದೀಪವನ್ನ ನೆಲಕ್ಕೆ ಮುಖ ಮಾಡಿ ತಿರುಗಿಸಿದ. ಹತ್ತು ನಿಮಿಷದ ಕೆಲಸ. ಪಾರ್ಕಿಂಗ್ ಮುಂಚೆಗಿಂತ ಬೆಳಕಾಯ್ತು, ನಮ್ಮ ಟೆರೇಸ್ ಕತ್ತಲಾಯ್ತು. ಈಗ ಸೆಕ್ರೆಟರಿ ಅಂಕಲ್ ಮಾತಾಡಿಸ್ತಾರೆ.

ಹೊಗೆ, ಕೊಳಚೆ ನೀರು, ಪ್ಲಾಸ್ಟಿಕ್, ಇವನ್ನೆಲ್ಲ ಸರಿ ಮಾಡೋಕೆ ವರ್ಷಗಳೇ ಬೇಕು. ಬೆಳಕಿನ ಮಾಲಿನ್ಯ ಸ್ವಿಚ್ ಆಫ್ ಮಾಡಿದ ಕ್ಷಣ ಹೋಗುತ್ತೆ. ಅದರ ಅರ್ಧ ಭಾಗ ಹೋಗೋಕೆ ಆಫ್ ಮಾಡೋದೂ ಬೇಡ, ದೀಪ ನೆಲ ನೋಡಿದ್ರೆ ಸಾಕು. ಆಕಾಶಕ್ಕೆ ಬಿಡೋ ಬೆಳಕಿಗೂ ನಾವೇ ಕರೆಂಟ್ ಬಿಲ್ ಕಟ್ತಿದ್ದೀವಿ. ಯಾವ ಅಕೌಂಟೆಂಟ್ ಕೂಡ ಈ ಖರ್ಚನ್ನ ಪಾಸ್ ಮಾಡಲ್ಲ.

ಪೊರೆ ಎಲ್ಲಿ ಹೋಯ್ತು

ಜನವರಿಯಲ್ಲಿ ಒಂದು ರಾತ್ರಿ, ಅಮಾವಾಸ್ಯೆ ಹತ್ತಿರ. ಪ್ಲಾಸ್ಟಿಕ್ ಕುರ್ಚಿ ಹಾಕಿ, ಶಾಲು ಹೊದಿಸಿ ಅಜ್ಜಿಯನ್ನ ಟೆರೇಸಿನಲ್ಲಿ ಕೂರಿಸಿದೆ. ಅರ್ಧ ಗಂಟೆ ಫೋನ್ ಮುಟ್ಟಲಿಲ್ಲ. ಮೂರು ಚುಕ್ಕಿಯನ್ನ ನಾನು ತೋರಿಸೋಕೆ ಮುಂಚೆ ಅವರೇ ಕಂಡುಹಿಡಿದ್ರು. "ಅಗಾ, ಅಲ್ಲವೆ" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಬೈನಾಕ್ಯುಲರ್ ಹಿಡಿಯೋಕೆ ಕೈ ನಡುಗುತ್ತೆ. ನಾನು ಹಿಂದೆ ನಿಂತು ಅವರ ಮೊಣಕೈ ಹಿಡ್ಕೊಂಡೆ. ಕತ್ತಿಯ ಕಡೆ ತಿರುಗಿಸಿ, "ನೇರ ನೋಡಬೇಡಿ ಅಜ್ಜಿ, ಸ್ವಲ್ಪ ಪಕ್ಕಕ್ಕೆ ನೋಡಿ" ಅಂದೆ. ಬಹಳ ಹೊತ್ತು ಹುಡುಕಿದ್ರು. ಕಾಣಲಿಲ್ಲ ಅಂತ ಕೆಳಗಿಟ್ರು. ಮತ್ತೆ ತಗೊಂಡ್ರು. ಆಮೇಲೆ ಹೇಳಿದ್ರು:

"ಒಂದ್ ಕಡೆ ಮಂಜ್ ಮಂಜಾಗಿ ಐತಲ್ಲ. ನನ್ ಕಣ್ಣಿನ್ ಪೊರೆ ತೆಗ್ದು ಅಲ್ಲಿ ಅಂಟ್ಸವ್ರೆ ನೋಡು."

ನಾನು ನಕ್ಕೆ, ಅವರೂ ನಕ್ರು. ಅದರೊಳಗೆ ಹೊಸ ನಕ್ಷತ್ರ ಹುಟ್ಟುತ್ತೆ ಅಂದೆ. "ಹುಟ್ಟಲಿ ಬುಡು, ಹಳೇವು ಎಷ್ಟ್ ದಿನ ಅಂತ ಇರ್ತಾವೆ" ಅಂದ್ರು. ನಾನು ಓದಿಕೊಂಡಿದ್ದ ಟ್ರೆಪೀಸಿಯಂ, ನೇರಳಾತೀತ ಬೆಳಕು ಎಲ್ಲವನ್ನೂ ಹೇಳಬೇಕು ಅಂತಿದ್ದೆ, ಹೇಳಲಿಲ್ಲ. ಬದಲಿಗೆ ಅವರೇ ತಾತನ ಕಥೆ ಹೇಳಿದ್ರು. ಒಂದು ಸಲ ಮೋಡ ಕವಿದು ಮೂರು ಚುಕ್ಕಿ ಕಾಣದೆ, ತಾತ ನಡುರಾತ್ರೀಲೇ ಬೆಳಗಾಯ್ತು ಅಂತ ಎದ್ದು ಎತ್ತು ಕಟ್ಟಿದ್ರಂತೆ. ಊರವರು ವರ್ಷಗಟ್ಟಲೆ ಅದನ್ನ ಹೇಳಿ ನಗ್ತಿದ್ರಂತೆ. ಈ ಕಥೆ ನಮ್ಮಪ್ಪನಿಗೂ ಗೊತ್ತಿರಲಿಲ್ಲ. ಚುಕ್ಕಿ ಕಾಣದೇ ಇದ್ದಿದ್ರೆ ಈ ಕಥೆ ಆಚೆ ಬರ್ತಾನೇ ಇರಲಿಲ್ಲ.

ಸಂಕ್ರಾಂತಿ ಮುಗಿಸಿಕೊಂಡು ಅಜ್ಜಿ ಊರಿಗೆ ಹೋದ್ರು. ಬಿಟ್ಟು ಬರೋಕೆ ಹೋದ ರಾತ್ರಿ ಅಲ್ಲೇ ಉಳ್ಕೊಂಡೆ. ಅಲ್ಲಿ ಬೈನಾಕ್ಯುಲರ್ ಇಲ್ಲದೇನೇ ಆ ಮಸುಕು ಕಂಡಿತು. ಆದರೆ ಊರಿನ ದಕ್ಷಿಣದ ಅಂಚಲ್ಲಿ, ಬೆಂಗಳೂರಿನ ದಿಕ್ಕಲ್ಲಿ, ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅಜ್ಜಿ ಅದನ್ನ ತೋರಿಸಿ, "ಇದು ವರ್ಷವರ್ಷ ಮೇಲಕ್ ಬತ್ತಾ ಐತೆ" ಅಂದ್ರು.

ಈ ವಾರ ನಿಮಗೆ ಒಂದೇ ಕೆಲಸ. ಊಟ ಆದ್ಮೇಲೆ ಟೆರೇಸ್ ಹತ್ತಿ, ಮೂರು ಚುಕ್ಕಿ ಹುಡುಕಿ. ಮನೇಲಿ ವಯಸ್ಸಾದವರಿದ್ರೆ ಅವರನ್ನೂ ಕರ್ಕೊಂಡು ಹೋಗಿ, ಅವರಿಗೆ ಅದರ ಬಗ್ಗೆ ಏನು ಗೊತ್ತು ಅಂತ ಕೇಳಿ. ಟೆಲಿಸ್ಕೋಪಿನಲ್ಲಿ ಆ ನಾಲ್ಕು ಕೂಸುಗಳನ್ನ ನೋಡಬೇಕು ಅನ್ನಿಸಿದ್ರೆ ಹೈಗ್ರೌಂಡ್ಸ್ ಹತ್ತಿರದ ಜವಾಹರಲಾಲ್ ನೆಹರು ತಾರಾಲಯದಲ್ಲಿ ವಿಚಾರಿಸಿ. 1989ರಿಂದ ಇದೆ, ಕನ್ನಡದಲ್ಲೇ ಪ್ರದರ್ಶನ ಇರುತ್ತೆ, ಮಕ್ಕಳಿಗೂ ಚೆನ್ನಾಗಿರುತ್ತೆ. ಮತ್ತೆ, ನಿಮ್ಮ ಬಿಲ್ಡಿಂಗಿನ ಯಾವುದಾದ್ರೂ ಫ್ಲಡ್‌ಲೈಟ್ ಆಕಾಶ ನೋಡ್ತಿದ್ರೆ, ಜಗಳ ಆಡಬೇಡಿ. ಮೊದಲು ವಾಚ್‌ಮನ್ ಅಣ್ಣನ ಜೊತೆ ಒಂದು ಟೀ ಕುಡೀರಿ.

ಬೈನಾಕ್ಯುಲರ್ ಇನ್ನೂ ಆರ್.ಟಿ. ನಗರಕ್ಕೆ ವಾಪಸ್ ಹೋಗಿಲ್ಲ. ಮಾರ್ಚ್‌ನಲ್ಲಿ ಅಜ್ಜಿಯ ಎಡಗಣ್ಣಿನ ಆಪರೇಷನ್ ಇದೆ, ಆಗ ಮತ್ತೆ ಬರ್ತಾರೆ. ಆ ಹೊತ್ತಿಗೆ ಬೇಟೆಗಾರ ಸಂಜೆಯೇ ಪಶ್ಚಿಮಕ್ಕೆ ವಾಲಿರ್ತಾನೆ, ಬೇಗ ಹತ್ತಿಸಬೇಕು.

ಮುಂದಿನ ವಾರ ಮತ್ತೆ ದುಡ್ಡಿನ ವಿಷಯದ ಜೊತೆ ಸಿಗೋಣ.